ಕಲಮು ಹತ್ತೊಂಬತ್ತು

ನಮ್ಮ ಮಂಡಳಿಗೆ ಹುಟ್ಟಿದ ದಿನವೇ
ಸಾಯುವ ತಾರೀಖನ್ನೂ ಬರೆದಿಟ್ಟಿದ್ದರು.
ಹತ್ತು ವರ್ಷ. ಆಮೇಲೆ ಸದನ ಬೇಕು ಅಂದರೆ ಉಂಟು,
ಬೇಡ ಅನ್ನಬೇಕಾಗಿಯೂ ಇಲ್ಲ,
ಸುಮ್ಮನಿದ್ದರೆ ಸಾಕು,
ಮಾರ್ಚಿ ಮೂವತ್ತೊಂದರ ರಾತ್ರಿ ತಾನಾಗಿ ಆರಿಹೋಗುತ್ತದೆ.

ಸಮಿತಿ ಬುಧವಾರ ಬಂತು,
ಹನ್ನೊಂದಕ್ಕೆ ಅಂದವರು ಒಂದೂಕಾಲಿಗೆ.
ಗುತ್ತಲು ರಸ್ತೆಯಲ್ಲಿ ಕಬ್ಬಿನ ಟ್ರಾಕ್ಟರು ಅಡ್ಡ ಮಲಗಿತ್ತಂತೆ.
ಮೊದಲೇ ಕಳಿಸಿದ್ದ ಹದಿನಾಲ್ಕು ಪ್ರಶ್ನೆಗಳಲ್ಲಿ
ಹದಿಮೂರಕ್ಕೆ ನಾನು ಉತ್ತರ ಟೈಪು ಮಾಡಿದ್ದೆ:
ಬೆಲ್ಲದ ಮಾರುಕಟ್ಟೆಯಲ್ಲಿ ಪರವಾನಗಿ ಪಡೆದ ತೂಕದವರು, ಮುನ್ನೂರ ಆರು.
ವರ್ಷದ ಶುಲ್ಕ, ನಾನೂರು.
ಹತ್ತು ವರ್ಷದಲ್ಲಿ ರದ್ದಾದವು, ಮೂರು.

ಉಳಿದದ್ದು ಒಂಬತ್ತನೆಯದು:
'ಮಂಡಳಿ ಇರದಿದ್ದಲ್ಲಿ ಸಾರ್ವಜನಿಕರಿಗೆ ಆಗುತ್ತಿದ್ದ ಹಾನಿಯನ್ನು
ಅಂಕಿ ಅಂಶ ಸಹಿತ ವಿವರಿಸಿ.'
ಆಗದೆ ಹೋದದ್ದನ್ನು
ಯಾವ ಕಾಲಮ್ಮಿನಲ್ಲಿ ಕೂಡಿಸಲಿ?
'ಅನ್ವಯಿಸುವುದಿಲ್ಲ ಅಂತ ಹಾಕಮ್ಮ' ಅಂದರು
ಕಾರ್ಯದರ್ಶಿ ಸುಬ್ಬನರಸಿಂಹಯ್ಯ. ಹಾಕಿದೆ.

'ಮೂರೇನಾ?' ಅಧ್ಯಕ್ಷೆ ಕನ್ನಡಕ ತೆಗೆದರು.
'ಮೂರು ಜನರನ್ನು ಹಿಡಿಯೋಕೆ ಒಂದು ಕಟ್ಟಡ, ಒಂದು ಜೀಪು, ಏಳು ಸಂಬಳ?'
ಆ ಏಳರಲ್ಲಿ ನನ್ನದೂ ಒಂದು.
ಸುಳ್ಳಲ್ಲ ಅವರು ಕೇಳಿದ್ದು.
ಮಾರುಕಟ್ಟೆಯ ತಕ್ಕಡಿಗೆ ಸರಿ ತಪ್ಪು ಹೇಳುವ ನಮ್ಮ ತಕ್ಕಡಿಗೇ
ಎರಡು ವರ್ಷದಿಂದ ಯಾರೂ ಮೊಹರು ಹಾಕಿಸಿಲ್ಲ.
ಅದನ್ನು ಅವರು ಕೇಳಲಿಲ್ಲ.
ನಾನೂ ಹೇಳಲಿಲ್ಲ.

ಸಾಕ್ಷಿಗಳು ಬಂದರು.
ಸಾಹುಕಾರ ಪಾರಸ್‌ಮಲ್ ಕೈ ಮುಗಿದು, ಮುಚ್ಚಿದರೂ ಸಂತೋಷ,
ಇದ್ದರೂ ಸಂತೋಷ ಅಂದರು.
ಆಲೆಮನೆಯವರೊಬ್ಬರು ಬೆಲೆಯ ಮಾತೆತ್ತಿ
ಬೆಲೆಯಲ್ಲೇ ಮುಗಿಸಿದರು.
ಊಟ ಆರುತ್ತಿತ್ತು.
ಆಗ ಹಿಂದಿನ ಬೆಂಚಿನಿಂದ ಎದ್ದ,
ಪಟ್ಟಿಯಲ್ಲಿ ಹೆಸರಿಲ್ಲದ, ಕೊತ್ತತ್ತಿಯ ಬೋರೇಲಿಂಗಯ್ಯ.

'ನನ್ ಬಿಲ್ಲೆ ಕಿತ್ಕಂಡೋರು ಇವ್ರೇಯ, ತಾಯಿ.
ಮೂಟೆಗೆ ಮುಕ್ಕಾಲ್ ಕೇಜಿ ಹೊಡೀತಿದ್ದೆ.
ಸುಳ್ ಯಾಕ್ ಯೋಳ್ಳಿ, ಹೊಡೀತಿದ್ದೆ.
ಐದ್ ವರ್ಸ ಕಳುದ್ಮೇಲೆ ತಿರ್ಗಾ ಅರ್ಜಿ ಹಾಕ್ಕೊ ಅಂತ ಬರ್ಕೊಟ್ಟವ್ರೆ.
ಮೂರ್ ಆಯ್ತು, ಇನ್ನೆರಡದೆ.
ನೀವ್ ಇದ್ನ ಮುಚ್ಬುಟ್ರೆ
ನಾಳಿಂದ್ಲೇ ನಾನೂ ತೂಗ್ಬೋದು, ನಮ್ ಕೋಣನೂ ತೂಗ್ಬೋದು.
ನಂಗ್ ಬೇಕಾಗಿರೋದು ಅದಲ್ಲ.
ಕಿತ್ಕಂಡ್ ಕೈಯೇ ಕೊಡ್ಬೇಕು.'

ಯಾರೋ ನಕ್ಕರು, ಕೋಣಕ್ಕೆ.
ಅಧ್ಯಕ್ಷೆ ನಗಲಿಲ್ಲ, ಪೆನ್ನಿನ ಮುಚ್ಚಳ ತೆಗೆದು,
ಹಾಕಿ, ಮತ್ತೆ ತೆಗೆದು,
'ಕೂತ್ಕೊಳ್ಳಿ ಯಜಮಾನ್ರೇ' ಅಂದರು.
ನಡಾವಳಿಯಲ್ಲಿ ನಾನು ಬರೆದದ್ದು ಇಷ್ಟೇ:
ಸಾಕ್ಷಿ ಆರು. ಮುಂದುವರಿಕೆಯ ಪರ.

ಅವರು ಹೋಗಿ ಹದಿನೆಂಟು ದಿನ.
ಸದನದಲ್ಲಿ ದಿನವೂ ಬೇರೇನೋ ಗದ್ದಲ,
ನಮ್ಮ ಸರದಿ ಬಂದ ಹಾಗಿಲ್ಲ.
ಪ್ರೆಸ್ಸಿನವನು ಫೋನು ಮಾಡುತ್ತಾನೆ,
'ರಸೀದಿ ಪುಸ್ತಕ ಎಷ್ಟು ಮೇಡಂ, ನೂರೋ, ಐವತ್ತೋ?'
ಸಾಮಾನು ಪಟ್ಟಿ ಮಾಡಿಡಿ ಅಂತ ಮೇಲಿನಿಂದ ಓಲೆ, ಯಾವುದಕ್ಕೂ ಇರಲಿ ಅಂತ.
ಮೇಜು ನಾಲ್ಕು. ಬೀರು ಎರಡು, ಒಂದಕ್ಕೆ ಬೀಗವಿಲ್ಲ.
ಗಡಿಯಾರ, ನಿಂತದ್ದು.

ನನ್ನ ಡ್ರಾಯರಿನ ತಳದಲ್ಲಿ, ಗುಂಡುಸೂಜಿಗಳ ಕೆಳಗೆ,
ಒಂದು ಬಿಲ್ಲೆ. ನಂಬರು ಇನ್ನೂರ ಹನ್ನೆರಡು.
ಅಂಚು ಸವೆದಿದೆ, ಬೆವರಿನ ಕಿಲುಬು ಅಂಕಿಗಳೊಳಗೆ.
ಇದನ್ನು ಯಾವುದರ ಕೆಳಗೆ ಬರೆಯಲಿ?
ಹಿತ್ತಾಳೆ, ಅಂತ ಶುರು ಮಾಡಿ ನಿಲ್ಲಿಸಿದೆ.
ಆಮೇಲೆ ಎದ್ದು ಹೋಗಿ ತೂಗಿದೆ:
ಇಪ್ಪತ್ತಮೂರು ಗ್ರಾಂ,
ನಮ್ಮ ತಕ್ಕಡಿಯಲ್ಲಿ.